ಹುಲ್ಲು ಹುಟ್ಟಲಿಲ್ಲ ಅಂತ ಬೀಜವನ್ನೇ ಬೈಯುವ ಮೊದಲು

ತುಂಗಭದ್ರಾ ಅಚ್ಚುಕಟ್ಟಿನ ಗೆಳೆಯರು ವಾಟ್ಸಾಪ್‌ನಲ್ಲಿ ಕಳಿಸುವ ಫೋಟೊಗಳು ಒಂದೇ ಥರ. ರೋಡ್ಸ್ ಹುಲ್ಲಿನ ಬೀಜ ಚೆಲ್ಲಿ ಹದಿನೈದು ದಿನ ಆಗಿರುತ್ತೆ, ಅಲ್ಲೊಂದು ಇಲ್ಲೊಂದು ಮೊಳಕೆ, ನಡುವೆ ನೆಲದ ಮೇಲೆ ಬಿಳಿ ಪುಡಿ. ಜೊತೆಗೆ ಪ್ರಶ್ನೆ: "ಅಣ್ಣಾ, ಬೀಜ ಡೂಪ್ಲಿಕೇಟಾ? ಬೇರೆ ಕಂಪನಿದು ತರ್ಲಾ?" ಈಗಲೇ ತರಬೇಡಿ. ಮೊದಲು ಆ ಬಿಳಿ ಪುಡಿ ನೋಡಿ.

ಪ್ಯಾಕೆಟ್ ಮೇಲಿನ ಮೊಳಕೆ ಪ್ರಮಾಣ ಲ್ಯಾಬಿನಲ್ಲಿ ಒಳ್ಳೆ ನೀರು ಕೊಟ್ಟು ತೆಗೆದ ಲೆಕ್ಕ. ಚೌಳು ನೆಲದಲ್ಲಿ ಅದು ನಡೆಯಲ್ಲ. ಉಪ್ಪು ಸವರಿದ ಸೌತೆಕಾಯಿ ನೀರು ಬಿಡುತ್ತಲ್ಲ, ಹಾಗೇ ನೆಲದ ಉಪ್ಪು ನೀರನ್ನು ತನ್ನತ್ತ ಹಿಡಿದಿಟ್ಟುಕೊಳ್ಳುತ್ತೆ. ಮಣ್ಣು ಹಸಿ ಇದ್ದರೂ ಬೀಜಕ್ಕೆ ಕುಡಿಯಲು ಸಿಗಲ್ಲ. ಮೊಳಕೆ ತಡವಾಗುತ್ತೆ, ಕೆಲವು ಏಳೋದೇ ಇಲ್ಲ. ಎದ್ದವಕ್ಕೆ ಸೋಡಿಯಂ, ಕ್ಲೋರೈಡ್ ಕಾಟ: ಬೇರು ಉದ್ದ ಇಳಿಯಲ್ಲ, ಎಲೆ ತುದಿ ಸುಡುತ್ತೆ. ರೋಡ್ಸ್ ಹುಲ್ಲು ಚೌಳು ತಡೆಯುತ್ತೆ ಅನ್ನೋದು ನಿಜವೇ, ಆದರೆ ಅದು ಬೇರೂರಿ ನಿಂತ ಮೇಲಿನ ಮಾತು. ನೀರು ಆರಿದಂತೆ ಉಪ್ಪು ಮೇಲ್ಪದರಕ್ಕೆ ಬಂದು ಕೂರುತ್ತೆ. ನಮ್ಮ ಸಣ್ಣ ಬೀಜ ಇರೋದೂ ಅಲ್ಲೇ.

ಎರಡು ಟ್ರೇ ಸಾಕು. ಒಂದಕ್ಕೆ ತೊಳೆದ ಮರಳು, ಊರಿನ ಶುದ್ಧ ನೀರಿನ ಘಟಕದ ನೀರು. ಇನ್ನೊಂದಕ್ಕೆ ನಿಮ್ಮ ಹೊಲದ ಮೇಲ್ಮಣ್ಣು, ನಿಮ್ಮದೇ ಬೋರ್‌ವೆಲ್ ನೀರು. ತಲಾ 50 ಬೀಜ ಎಣಿಸಿ ಹಾಕಿ. ಎರಡರಲ್ಲೂ ಹುಟ್ಟದಿದ್ದರೆ ಫೋಟೊ ಹಿಡಿದು ಅಂಗಡಿಗೆ ಹೋಗಿ, ಜಗಳ ಆಡಿ. ಮರಳಲ್ಲಿ ಮಾತ್ರ ಹುಟ್ಟಿದರೆ ಮಣ್ಣು, ನೀರು ಎರಡರ ಇಸಿ ಪರೀಕ್ಷೆ ಮಾಡಿಸಿ. ಹುಟ್ಟಿದ ದಿನವೇ ಖುಷಿಪಡಬೇಡಿ, ಮೂರು ವಾರ ಬಿಟ್ಟು ಉಳಿದವನ್ನು ಎಣಿಸಿ.

ಚೌಳು ಅಂದ ತಕ್ಷಣ ಜಿಪ್ಸಂ ಮಾರುವವರ ಮೇಲೆ ನನಗೆ ಸಿಟ್ಟಿದೆ. ಜಿಪ್ಸಂ ಬೇಕಿರೋದು ಸೋಡಿಯಂ ಹೆಚ್ಚಿರುವ ಕ್ಷಾರ ಮಣ್ಣಿಗೆ. ಬರೀ ಚೌಳಿಗೆ ಬೇಕಾದ್ದು ಒಳ್ಳೆ ನೀರು, ಆ ನೀರು ಉಪ್ಪು ಹೊತ್ತು ಹೊರಹೋಗಲು ಬಸಿಗಾಲುವೆ. (ನಮ್ಮ ಸಾವಯವದವರೂ ಕೇಳಿ: ಕೋಳಿಗೊಬ್ಬರ ಅತಿಯಾದರೆ ಅದೂ ಉಪ್ಪೇ.) ಬಸಿಗಾಲುವೆ ಆಗುವ ತನಕ ಬೀಜದ ಗೋಜು ಬಿಟ್ಟು ಪ್ಯಾರಾ ಹುಲ್ಲಿನ ಕಾಂಡದ ತುಂಡು ನೆಡಿ. ಬೀಜವೇ ಬೇಕಂದ್ರೆ ಒಳ್ಳೆ ಮಳೆ ಬಿದ್ದು ಮೇಲಿನ ಉಪ್ಪು ಇಳಿದ ಮೇಲೆ, ಬೋದಿನ ನೆತ್ತಿ ಬಿಟ್ಟು ಪಕ್ಕೆಗೆ ಹಾಕಿ. ಉಪ್ಪು ಹೆಚ್ಚು ಸೇರೋದು ನೆತ್ತಿಯಲ್ಲೇ.