ಝಕಾತ್ ವೇತನದ ಬದಲಿಯಲ್ಲ

ರಮಝಾನ್‌ನ ಕೊನೆಯ ಹತ್ತು ದಿನಗಳಲ್ಲಿ ನಮ್ಮ ಪಟ್ಟಣಗಳ ಬಟ್ಟೆ ಮಳಿಗೆಗಳನ್ನೊಮ್ಮೆ ಗಮನಿಸಿರಿ. ಯಜಮಾನರು ತರಾವೀಹ್ ನಮಾಝ್‌ನ ಮೊದಲ ಸಾಲಿನಲ್ಲಿರುತ್ತಾರೆ. ಬೆಳಗ್ಗೆ ಬಾಗಿಲು ತೆರೆದಂದಿನಿಂದ ನಿಂತಿರುವ ಸೇಲ್ಸ್‌ಗರ್ಲ್ ಆಗಲೂ ಕೌಂಟರಿನ ಹಿಂದೆ ನಿಂತೇ ಇರುತ್ತಾಳೆ. ಅವಳಿಗೂ ಉಪವಾಸವಿದೆ. ಆದರೆ ಗಿರಾಕಿಗಳಿಲ್ಲದ ಗಳಿಗೆಯಲ್ಲೂ ಅವಳು ಕುಳಿತುಕೊಳ್ಳುವಂತಿಲ್ಲ. ಅದು ಅಂಗಡಿಯ ಶಿಸ್ತಂತೆ!

ಒಂದು ಸ್ಟೂಲಿನ ಬೆಲೆಯಾದರೂ ಎಷ್ಟು? ಅದರಿಂದ ಯಾವ ವ್ಯಾಪಾರವೂ ಮುಳುಗದು. ನಿಜವಾಗಿ ಇಲ್ಲಿ ಕೆಲಸ ಮಾಡುತ್ತಿರುವುದು ಅಧಿಕಾರದ ಅಮಲು. ಕುಳಿತವರು ಧಣಿ, ನಿಂತವರು ಆಳು ಎಂಬುದು ಸದಾ ಎಲ್ಲರ ಕಣ್ಣಿಗೆ ಬೀಳುತ್ತಿರಬೇಕು ಎಂಬ ಹಟ.

ನೆರೆಯ ಕೇರಳದಲ್ಲಿ ಈ ಹಟವನ್ನು ಪ್ರಶ್ನಿಸಿದವರು ಕೋಝಿಕ್ಕೋಡಿನ ಪಿ. ವಿಜಿ ಮತ್ತು ಅವರ ಪೆಣ್‌ಕೂಟ್ಟ್ ಸಂಘಟನೆಯ ಮಹಿಳೆಯರು. ಅವರ ಹೋರಾಟದ ಫಲವಾಗಿ 2018ರಲ್ಲಿ ಕೇರಳ ಸರಕಾರವು ಕಾನೂನಿಗೆ ತಿದ್ದುಪಡಿ ತಂದು, ಅಂಗಡಿ ನೌಕರರಿಗೆ ಕುಳಿತುಕೊಳ್ಳುವ ಹಕ್ಕನ್ನು ನೀಡಿತು. 2021ರಲ್ಲಿ ತಮಿಳುನಾಡು ಅದೇ ಹಾದಿ ಹಿಡಿಯಿತು. ಕುಳಿತುಕೊಳ್ಳಲಿಕ್ಕೂ ಕಾನೂನು ಬೇಕಾಯಿತೆಂದರೆ ಅದಕ್ಕಿಂತ ನಾಚಿಕೆಗೇಡು ಬೇರೇನಿದೆ?

ಅಷ್ಟಕ್ಕೂ ನಮಗೆ ಇಂಥ ಕಾನೂನಿನ ಅಗತ್ಯವೇ ಬೀಳಬಾರದಿತ್ತು. ಪ್ರವಾದಿ ಮೂಸಾ(ಅ)ರನ್ನು ಮದ್‌ಯನ್‌ನಲ್ಲಿ ದುಡಿಮೆಗೆ ಕರೆದ ವೃದ್ಧರು ಅವಧಿಯನ್ನು ಮೊದಲೇ ಹೇಳಿದರು, ಕಷ್ಟ ಕೊಡಲಾರೆನೆಂಬ ಮಾತನ್ನೂ ಕೊಟ್ಟರು. ಪವಿತ್ರ ಕುರ್‌ಆನ್ ಇದನ್ನು ನಮ್ಮ ಮುಂದಿಟ್ಟಿದೆ. ಪ್ರವಾದಿ ಮುಹಮ್ಮದ್(ಸ)ರ ಸೇವೆಯಲ್ಲಿ ಹತ್ತು ವರ್ಷ ಕಳೆದ ಅನಸ್(ರ), ಅವರ ಬಾಯಿಂದ ಬೇಸರದ ಒಂದು ಉದ್ಗಾರವನ್ನೂ ಕೇಳಲಿಲ್ಲ. ಪೂರ್ಣ ದುಡಿಸಿಕೊಂಡು ವೇತನ ಕೊಡದವನಿಗೆ ಪರಲೋಕದಲ್ಲಿ ಸ್ವತಃ ಅಲ್ಲಾಹನೇ ಎದುರಾಳಿಯಾಗುವನೆಂಬ ಎಚ್ಚರಿಕೆ ಹದೀಸ್‌ನಲ್ಲಿದೆ. ಇವೆಲ್ಲ ನಮ್ಮ ವೇದಿಕೆಗಳಲ್ಲಿ ಮೊಳಗುತ್ತವೆ. ವಿಷಾದವೇನೆಂದರೆ, ಅಂಗಡಿಯ ಹೊಸ್ತಿಲು ದಾಟುವುದಿಲ್ಲ.

ಇನ್ನೊಂದು ಅನ್ಯಾಯವಂತೂ ಧರ್ಮದ ವೇಷದಲ್ಲೇ ನಡೆಯುತ್ತಿದೆ. ಕೆಲವರು ತಿಂಗಳ ವೇತನವನ್ನು ಬಾಕಿ ಉಳಿಸಿ, ರಮಝಾನ್‌ನಲ್ಲಿ ಝಕಾತ್‌ನ ಲಕೋಟೆಯನ್ನು ನೌಕರರ ಕೈಗಿಡುತ್ತಾರೆ. ಅವರು ತಲೆ ತಗ್ಗಿಸಿ ಸ್ವೀಕರಿಸಬೇಕು. ಝಕಾತ್ ಬಡವರ ಹಕ್ಕು, ವೇತನ ದುಡಿದವರ ಹಕ್ಕು. ಒಂದರಿಂದ ಇನ್ನೊಂದರ ಸಾಲ ತೀರದು. ಬೆವರಿನ ಹಣವನ್ನು ದಾನವೆಂದು ಕೊಡುವವರು ಹಣವನ್ನು ಮಾತ್ರವಲ್ಲ, ದುಡಿದವರ ಮಾನವನ್ನೂ ಕಸಿಯುತ್ತಾರೆ.

'ನೌಕರರೇ ದೂರುವುದಿಲ್ಲವಲ್ಲ' ಎನ್ನುವವರಿದ್ದಾರೆ. ಯಾರಲ್ಲಿ ದೂರಬೇಕು? ಎಷ್ಟೋ ಕಡೆ ಧಣಿಯೇ ಜಮಾಅತ್ ಕಮಿಟಿಯ ಅಧ್ಯಕ್ಷರು. ನಾಳೆ ಅವಳ ನಿಕಾಹ್‌ಗೆ ಪತ್ರ ಬೇಕಾದರೂ ಅವರ ಸಹಿಯೇ ಬೇಕು. ಈ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ವಂಚನೆ. ವ್ಯಾಪಾರ ಮೊದಲಿನಂತಿಲ್ಲ ಎಂಬ ಯಜಮಾನರ ಮಾತಿನಲ್ಲಿ ಸತ್ಯವಿರಬಹುದು. ಆದರೆ ಅದರ ಹೊರೆ ಅತಿ ಕಡಿಮೆ ಸಂಬಳದವಳ ಹೆಗಲೇರುವುದು ಯಾವ ನ್ಯಾಯ?

ನಾವು ಗಿರಾಕಿಗಳೂ ನಿರ್ದೋಷಿಗಳಲ್ಲ. ರಾತ್ರಿ ಹನ್ನೊಂದಕ್ಕೆ ಅಂಗಡಿಗೆ ನುಗ್ಗಿ, ಐವತ್ತು ಬಟ್ಟೆ ಬಿಡಿಸಿ, ಒಂದನ್ನೂ ಕೊಳ್ಳದೆ ಎದ್ದು ಬರುವವರು ನಾವೇ ತಾನೇ?

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ವಾರಕ್ಕೊಂದು ರಜೆಯನ್ನು ಕಡ್ಡಾಯಗೊಳಿಸಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ, ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕು. ಜಮಾಅತ್‌ಗಳು ಇವನ್ನು ಶುಕ್ರವಾರದ ಪ್ರವಚನದಲ್ಲಿ ತಿಳಿಸಲಿ. ಧಣಿಗಳು ಸದಸ್ಯರಾಗಿರದ ದೂರು ಸಮಿತಿಯೊಂದನ್ನು ರಚಿಸಲಿ. ಮಸೀದಿಗೆ ಕಾರ್ಪೆಟ್ ದಾನ ಮಾಡಬಯಸುವ ಯಜಮಾನರು ಮೊದಲು ತಮ್ಮ ಕೌಂಟರಿನ ಹಿಂದೆ ಒಂದು ಸ್ಟೂಲ್ ಇಡಲಿ.