ಜಾಣಕಿವುಡಿಗೆ ಒಂದು ವಾರದ ಮದ್ದು

ವಿಶ್ವವಿದ್ಯಾಲಯದ ಮುಖ್ಯಸ್ಥರನ್ನು ಆರಿಸುವಾಗ ವಿದ್ಯಾರ್ಥಿಗಳ ಅಭಿಪ್ರಾಯ ಕೇಳುವ ರೂಢಿ ಅಪರೂಪ. ಶುಲ್ಕ ಕಟ್ಟುವವರು ತಂದೆತಾಯಿ, ಪಾಠ ಕೇಳುವವರು ಮಕ್ಕಳು; ಆಯ್ಕೆ ಮಾತ್ರ ಎಲ್ಲೋ ಮುಚ್ಚಿದ ಬಾಗಿಲ ಹಿಂದೆ. ಹೀಗೆ ನಡೆದ ಆಯ್ಕೆಯೊಂದನ್ನು ವಿದ್ಯಾರ್ಥಿಗಳು ಒಂದೇ ವಾರದಲ್ಲಿ ತಲೆಕೆಳಗು ಮಾಡಿದ್ದು 1988ರ ಮಾರ್ಚ್‌ನಲ್ಲಿ, ಅಮೆರಿಕದ ವಾಷಿಂಗ್ಟನ್ ನಗರದಲ್ಲಿ. ಆ ವಿದ್ಯಾರ್ಥಿಗಳು ಕಿವುಡರು. (ಈ ಪದವನ್ನು ಅವರು ಅವಮಾನವೆಂದು ಎಣಿಸುವುದಿಲ್ಲ, ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ.)

ಗ್ಯಾಲೊಡೆಟ್ ಕಿವುಡರಿಗಾಗಿಯೇ ಇರುವ ವಿಶ್ವವಿದ್ಯಾಲಯ. ಪದವಿ ನೀಡುವ ಅಧಿಕಾರವನ್ನು ಅದಕ್ಕೆ ಕೊಟ್ಟ ಕಾಯಿದೆಗೆ 1864ರಲ್ಲಿ ಸಹಿ ಹಾಕಿದವರು ಅಬ್ರಹಾಂ ಲಿಂಕನ್. ಅದರ ಮುಖ್ಯಸ್ಥರನ್ನು ಪ್ರೆಸಿಡೆಂಟ್ ಎನ್ನುತ್ತಾರೆ. ಕರ್ನಾಟಕದ ಕುಲಪತಿಗಳಿಗೆ ಸಮಾನವಾದ ಹುದ್ದೆ. ಆದರೆ 124 ವರ್ಷಗಳಲ್ಲಿ ಆ ಕುರ್ಚಿಯಲ್ಲಿ ಒಬ್ಬನೇ ಒಬ್ಬ ಕಿವುಡ ಕೂತಿರಲಿಲ್ಲ. ಆಯ್ಕೆ ಮಾಡುವ ಆಡಳಿತ ಮಂಡಳಿಯಲ್ಲೂ ಕಿವುಡರು ಬೆರಳೆಣಿಕೆಯಷ್ಟು ಮಂದಿ.

1988ರ ಕೊನೆಯ ಸುತ್ತಿನಲ್ಲಿ ಮೂವರು ಉಳಿದಿದ್ದರು. ಇಬ್ಬರು ಕಿವುಡರು: ಅಲ್ಲಿಯೇ ಡೀನ್ ಆಗಿದ್ದ ಮನೋವಿಜ್ಞಾನಿ ಕಿಂಗ್ ಜೋರ್ಡಾನ್ ಮತ್ತು ಹಾರ್ವೆ ಕಾರ್ಸನ್. ಮೂರನೆಯವರು ಎಲಿಜಬೆತ್ ಝಿನ್ಸರ್. ಕಿವಿ ಕೇಳಿಸುತ್ತಿತ್ತು, ಸನ್ನೆಭಾಷೆ ಬರುತ್ತಿರಲಿಲ್ಲ. ಮಾರ್ಚ್ 6ರ ಭಾನುವಾರ ಮಂಡಳಿ ಝಿನ್ಸರ್ ಹೆಸರನ್ನು ಪ್ರಕಟಿಸಿತು.

ಸನ್ನೆಭಾಷೆ ಬಾರದಿದ್ದರೇನು ಎಂದು ಕೇಳಬಹುದು. ಅದು ಕೈಬಾಯಿ ಸನ್ನೆಯ ಅರೆಬರೆ ಸಂಜ್ಞೆ ಎಂಬ ತಪ್ಪು ಕಲ್ಪನೆ ಈಗಲೂ ಅನೇಕರಲ್ಲಿದೆ. ಅದಕ್ಕೆ ತನ್ನದೇ ವ್ಯಾಕರಣವಿದೆ, ಅದು ಪೂರ್ಣ ಭಾಷೆ ಎಂದು 1960ರಲ್ಲಿ ತೋರಿಸಿಕೊಟ್ಟವರು ವಿಲಿಯಂ ಸ್ಟೋಕಿ. ಅವರು ಇದೇ ಗ್ಯಾಲೊಡೆಟ್‌ನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಮಕ್ಕಳ ಭಾಷೆಯೇ ಗೊತ್ತಿಲ್ಲದವರು ಆ ಮಕ್ಕಳ ಶಿಕ್ಷಣದ ಚುಕ್ಕಾಣಿ ಹಿಡಿಯುವುದು ಹೇಗೆ? ಕನ್ನಡ ಬಾರದವರು ಹಳ್ಳಿಯ ಕನ್ನಡ ಶಾಲೆಗೆ ಮುಖ್ಯೋಪಾಧ್ಯಾಯರಾಗಿ ಬಂದಂತೆಯೇ ಸರಿ.

ಸೋಮವಾರ ಬೆಳಿಗ್ಗೆ ವಿದ್ಯಾರ್ಥಿಗಳು ಗೇಟುಗಳಿಗೆ ಬಸ್ಸುಗಳನ್ನು ಅಡ್ಡ ನಿಲ್ಲಿಸಿ, ಚಕ್ರಗಳ ಗಾಳಿ ತೆಗೆದರು. ಅಂದು ಮಧ್ಯಾಹ್ನ ಮಂಡಳಿಯ ಅಧ್ಯಕ್ಷೆ ಜೇನ್ ಸ್ಪಿಲ್ಮನ್ ಸಭೆಗೆ ಬಂದಾಗ ಬೆಂಕಿ ಎಚ್ಚರಿಕೆಯ ಗಂಟೆ ಬಾರಿಸುತ್ತಿತ್ತು. ಈ ಗದ್ದಲದಲ್ಲಿ ಮಾತನಾಡುವುದು ಕಷ್ಟವೆಂದು ಅವರು ಅಲವತ್ತುಕೊಂಡರು. ಯಾವ ಗದ್ದಲ, ಸನ್ನೆಯಲ್ಲಿ ಹೇಳಿದರೆ ನಮಗೆ ಕೇಳಿಸುತ್ತದಲ್ಲ ಎಂಬ ಅರ್ಥದ ಉತ್ತರ ಸಭೆಯಿಂದ ಬಂತು. ಹಲವು ವರ್ಷ ಮಂಡಳಿಯಲ್ಲಿದ್ದ ಅಧ್ಯಕ್ಷೆಗೂ ಸನ್ನೆಭಾಷೆ ಬರುತ್ತಿರಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು ಬಸ್ಸು, ಗಂಟೆಗಳನ್ನಲ್ಲ. ಗೇಟು ಮುಚ್ಚಿ ಕೂಗಾಡುವುದು ಯಾವ ಕಾಲೇಜಿನವರಿಗೂ ಬರುತ್ತದೆ. ಈ ಹುಡುಗರು ಬೇಡಿಕೆಗಳನ್ನು ನಾಲ್ಕಕ್ಕೆ ಇಳಿಸಿ ಬರೆದುಕೊಟ್ಟಿದ್ದರು. ಝಿನ್ಸರ್ ಹೋಗಿ ಕಿವುಡ ಪ್ರೆಸಿಡೆಂಟ್ ಬರಬೇಕು. ಸ್ಪಿಲ್ಮನ್ ರಾಜೀನಾಮೆ ಕೊಡಬೇಕು. ಚಳವಳಿ ಮಾಡಿದವರ ಮೇಲೆ ಸೇಡು ತೀರಿಸಿಕೊಳ್ಳಬಾರದು. ಮಂಡಳಿಯಲ್ಲಿ ಶೇಕಡಾ 51ರಷ್ಟು ಕಿವುಡರಿರಬೇಕು. ಕೊನೆಯದೇ ನಿಜವಾದ ಜಾಣತನ. ಒಬ್ಬರನ್ನು ಇಳಿಸಿ ಇನ್ನೊಬ್ಬರನ್ನು ಕೂರಿಸಿದರೆ ಮುಂದಿನ ಸಲ ಅದೇ ಕಥೆ. ಆರಿಸುವವರು ಯಾರು ಎಂಬುದನ್ನೇ ಬದಲಿಸಿ ಎಂದು ಅವರು ಕೇಳಿದರು.

ತಯಾರಿಯೂ ಇತ್ತು. ಆಯ್ಕೆಗೆ ಮೊದಲೇ, ಮಾರ್ಚ್ 1ರಂದು ಸಾವಿರಕ್ಕೂ ಮಿಕ್ಕಿ ಜನ ಸಭೆ ಸೇರಿದ್ದರು. ಅದರ ಹಿಂದೆ ಹಳೆಯ ವಿದ್ಯಾರ್ಥಿಗಳಿದ್ದರು. ಆಗಿನ ಉಪಾಧ್ಯಕ್ಷ ಜಾರ್ಜ್ ಬುಷ್ ಅವರಿಂದಲೇ ಕಿವುಡ ಪ್ರೆಸಿಡೆಂಟ್ ಪರವಾಗಿ ಪತ್ರ ಬಂದಿತ್ತು. ವಿದ್ಯಾರ್ಥಿ ಸಂಘದ ಅಧ್ಯಕ್ಷ ಗ್ರೆಗ್ ಹ್ಲಿಬೊಕ್ ರಾಷ್ಟ್ರೀಯ ದೂರದರ್ಶನದಲ್ಲಿ ಝಿನ್ಸರ್ ಅವರಿಗೆ ಎದುರಾಗಿ ಸನ್ನೆಯಲ್ಲೇ ವಾದಿಸಿದ. ಬಹುಪಾಲು ಅಧ್ಯಾಪಕರೂ ಜೊತೆಗೂಡಿದರು. ಜೋರ್ಡಾನ್ ಬುಧವಾರ ಝಿನ್ಸರ್ ನೇಮಕವನ್ನು ಬೆಂಬಲಿಸಿ, ಗುರುವಾರ ಆ ಮಾತನ್ನು ಹಿಂದಕ್ಕೆ ಪಡೆದರು. ಅಂದೇ ಝಿನ್ಸರ್ ರಾಜೀನಾಮೆ ಕೊಟ್ಟರು. ಆಕೆ ಹಟ ಹಿಡಿಯಲಿಲ್ಲ ಎಂಬುದನ್ನು ಮೆಚ್ಚಲೇಬೇಕು. ಮರುದಿನ ಸುಮಾರು 2,500 ಜನ ಸಂಸತ್ ಭವನದತ್ತ ಮೆರವಣಿಗೆ ಹೋದರು. ಮಾರ್ಚ್ 13ರ ಭಾನುವಾರ ಸ್ಪಿಲ್ಮನ್ ಕೆಳಗಿಳಿದರು, ಕಿವುಡರಾದ ಫಿಲಿಪ್ ಬ್ರೇವಿನ್ ಮಂಡಳಿಯ ಅಧ್ಯಕ್ಷರಾದರು, ಜೋರ್ಡಾನ್ ಪ್ರೆಸಿಡೆಂಟ್ ಆದರು. ನಾಲ್ಕೂ ಬೇಡಿಕೆ ಈಡೇರಿದವು.

ಕಥೆ ಇಲ್ಲಿಗೇ ನಿಂತಿದ್ದರೆ ಕೇಳಲು ಚೆಂದ. ಹದಿನೆಂಟು ವರ್ಷಗಳ ಬಳಿಕ, 2006ರ ಮೇ ತಿಂಗಳಲ್ಲಿ, ಜೋರ್ಡಾನ್ ನಿವೃತ್ತಿಯ ಹೊತ್ತಿಗೆ ಮಂಡಳಿ ಜೇನ್ ಫರ್ನಾಂಡಿಸ್ ಅವರನ್ನು ಆರಿಸಿತು. ಹುಟ್ಟುಕಿವುಡಿ, ಆದರೆ ಮಾತು ಕಲಿತು ಬೆಳೆದು, ಸನ್ನೆಭಾಷೆಯನ್ನು ಇಪ್ಪತ್ತು ದಾಟಿದ ಮೇಲೆ ಕಲಿತವರು. ಸಾಕಷ್ಟು ಕಿವುಡಿಯಲ್ಲವೆಂದು ತನ್ನನ್ನು ದೂರುತ್ತಿದ್ದಾರೆ ಎಂದು ಆಕೆ ಹೇಳಿದರು. ಆಯ್ಕೆಯ ವಿಧಾನವೂ ಆಕೆಯ ಆಡಳಿತದ ರೀತಿಯೂ ಸರಿಯಿಲ್ಲ ಎಂದರು ವಿದ್ಯಾರ್ಥಿಗಳು, ಅಧ್ಯಾಪಕರು. ಈ ಸಲ ಯಾರ ಪರ ವಾದಿಸುವುದೂ 1988ರಷ್ಟು ಸುಲಭವಲ್ಲ. ಅಕ್ಟೋಬರ್‌ನಲ್ಲಿ ಮತ್ತೆ ಗೇಟು ಮುಚ್ಚಿತು. 13ರ ರಾತ್ರಿ 130ಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಪೊಲೀಸರನ್ನು ಕರೆಸಿದ್ದು, ವಿದ್ಯಾರ್ಥಿ ಚಳವಳಿಯಿಂದಲೇ ಆ ಕುರ್ಚಿಗೆ ಬಂದಿದ್ದ ಜೋರ್ಡಾನ್ ಅವರ ಆಡಳಿತ! ಕಿವಿ ಕೇಳಿಸದಿರುವುದು ಬೇರೆ, ಜಾಣಕಿವುಡು ಬೇರೆ.

ಅಕ್ಟೋಬರ್ 29ರಂದು ಮಂಡಳಿ ಫರ್ನಾಂಡಿಸ್ ಆಯ್ಕೆಯನ್ನು ಹಿಂತೆಗೆದುಕೊಂಡಿತು. ಆ ಜಾಗಕ್ಕೆ ಗ್ಯಾಲೊಡೆಟ್‌ನಲ್ಲೇ ಓದಿದ್ದ ಕಿವುಡ ಶಿಕ್ಷಣತಜ್ಞ ರಾಬರ್ಟ್ ಡಾವಿಲಾ ಬಂದರು. 1988ರಲ್ಲಿ ಗೇಟಿನ ಮುಂದೆ ನಿಂತಿದ್ದ ಗ್ರೆಗ್ ಹ್ಲಿಬೊಕ್ ಅಷ್ಟರಲ್ಲಿ ವಕೀಲನಾಗಿದ್ದ. ಮುಂದೆ ಅಮೆರಿಕ ಸರ್ಕಾರದ ಸಂಪರ್ಕ ಆಯೋಗದಲ್ಲಿ ಅಂಗವಿಕಲರ ಹಕ್ಕುಗಳ ವಿಭಾಗಕ್ಕೆ ಮುಖ್ಯಸ್ಥನೂ ಆದ.