ಹೊಸ ಬಾಳಿಗೆ ಕರಾರಿನ ಮನೆ

ಮದುವೆಯಾದ ಕೆಲವೇ ತಿಂಗಳುಗಳಲ್ಲಿ ಇಂಗ್ಲಿಷ್ ಕಲಿಸುವ ಉದ್ಯೋಗವನ್ನರಸಿ ನವದಂಪತಿಗಳು ಪರದೇಶಕ್ಕೆ ಜೊತೆಯಾಗಿ ಹೊರಡುವುದು ಅಮೆರಿಕ, ಕೆನಡ, ಬ್ರಿಟನ್ ಮೊದಲಾದೆಡೆ ಹಲವು ವರ್ಷಗಳಿಂದ ಕಂಡುಬರುವ ಸಂಗತಿಯಾಗಿದೆ. ಅವರಲ್ಲಿ ಅನೇಕರು ಆರಿಸಿಕೊಳ್ಳುವ ನಾಡು ದಕ್ಷಿಣ ಕೊರಿಯ. ಪತಿಯನ್ನು ಕೊಲ್ಲಿ ರಾಷ್ಟ್ರಕ್ಕೆ ಕಳುಹಿಸಿ, ಅವನ ರಜೆಯ ದಿನಗಳನ್ನು ಎಣಿಸುತ್ತ ಬಾಳಿದ ಮಹಿಳೆಯರನ್ನು ನಮ್ಮ ಕರಾವಳಿಯ ಪ್ರತಿಯೊಂದು ಊರೂ ಕಂಡಿದೆ. ಆದುದರಿಂದ ಇಬ್ಬರೂ ಒಂದೇ ವಿಮಾನವನ್ನೇರುವ ಈ ವ್ಯವಸ್ಥೆ ನಮಗೆ ಆಕರ್ಷಕವಾಗಿ ತೋರುವುದು ಸಹಜ. ಆದರೆ ಅದರ ಒಳಹೊರಗನ್ನು ಅರಿತುಕೊಳ್ಳುವುದು ಅಗತ್ಯ.

ಕೊರಿಯದಲ್ಲಿ ಇಂಗ್ಲಿಷ್ ಕೇವಲ ಒಂದು ಪಾಠವಲ್ಲ. ಉನ್ನತ ವ್ಯಾಸಂಗಕ್ಕೂ ಒಳ್ಳೆಯ ಉದ್ಯೋಗಕ್ಕೂ ಅದು ಮೆಟ್ಟಿಲು. 2023ರಲ್ಲಿ ಶಾಲಾ ಮಕ್ಕಳ ಖಾಸಗಿ ಪಾಠಗಳಿಗೆಂದು ಅಲ್ಲಿನ ಹೆತ್ತವರು ವೆಚ್ಚ ಮಾಡಿದ ಹಣ ಸುಮಾರು 27 ಲಕ್ಷ ಕೋಟಿ ವೊನ್. ‘ಹಾಗ್‌ವೊನ್’ ಎಂದು ಕರೆಯಲ್ಪಡುವ ಟ್ಯೂಷನ್ ಕೇಂದ್ರಗಳು ಬೀದಿಬೀದಿಗಳಲ್ಲಿವೆ. ಸರಕಾರಿ ಶಾಲೆಗಳಿಗೆ ವಿದೇಶಿ ಶಿಕ್ಷಕರನ್ನು ಒದಗಿಸಲು ಅಲ್ಲಿನ ಸರಕಾರವೇ 1995ರಲ್ಲಿ ‘ಎಪಿಕ್’ ಎಂಬ ಯೋಜನೆಯನ್ನು ಆರಂಭಿಸಿತು.

ಹೊಸ ಸಂಸಾರಕ್ಕೆ ಇದರಲ್ಲಿ ಅನುಕೂಲಗಳಿವೆ. ಸಾಮಾನ್ಯವಾಗಿ ಬಾಡಿಗೆಯಿಲ್ಲದ ಮನೆ ಅಥವಾ ಮನೆ ಭತ್ಯೆ ದೊರೆಯುತ್ತದೆ. ಒಂದು ವರ್ಷದ ಕರಾರು ಪೂರ್ಣಗೊಳಿಸಿದವರಿಗೆ ಕಾನೂನಿನಂತೆ ಸುಮಾರು ಒಂದು ತಿಂಗಳ ಸಂಬಳ ಹೆಚ್ಚುವರಿಯಾಗಿ ಸಲ್ಲಬೇಕು. ಇಬ್ಬರ ದುಡಿಮೆ, ಒಂದೇ ಮನೆ. ವಿದ್ಯಾಭ್ಯಾಸದ ಸಾಲ ಹೊತ್ತ ತರುಣ ದಂಪತಿಗಳಿಗೆ ಅದನ್ನು ತೀರಿಸಲು ಇದೊಂದು ಅವಕಾಶ.

ಆದರೆ ಈ ಅನುಕೂಲವೇ ಬಂಧನವೂ ಆಗಬಹುದೆಂಬುದನ್ನು ಮರೆಯಲಾಗದು. ಶಿಕ್ಷಕರಿಗೆ ನೀಡುವ ‘ಇ-2’ ವೀಸಾ ಉದ್ಯೋಗದಾತನಿಗೆ ಅಂಟಿಕೊಂಡಿರುತ್ತದೆ. ಕರಾರಿನ ನಡುವೆ ಕೆಲಸ ಬದಲಿಸಲು ಸಾಮಾನ್ಯವಾಗಿ ಅವನ ಒಪ್ಪಿಗೆ ಪತ್ರ ಬೇಕು. ಮನೆಯೂ ಅವನದೇ. ಪತಿಪತ್ನಿಯರಿಬ್ಬರೂ ಒಂದೇ ಕೇಂದ್ರದಲ್ಲಿ ದುಡಿಯುತ್ತಿದ್ದು, ಆ ಕೇಂದ್ರ ಬಾಗಿಲು ಮುಚ್ಚಿದರೆ, ಎರಡು ಸಂಬಳ, ಎರಡು ವೀಸಾ ಮತ್ತು ತಲೆಯ ಮೇಲಿನ ಸೂರು ಒಂದೇ ದಿನ ಅಲುಗಾಡುತ್ತವೆ. ಇನ್ನು ಒಬ್ಬರಿಗೆ ಶಾಲೆಯಲ್ಲಿ, ಮತ್ತೊಬ್ಬರಿಗೆ ಟ್ಯೂಷನ್ ಕೇಂದ್ರದಲ್ಲಿ ಕೆಲಸ ದೊರೆತರೆ ಬೇರೊಂದು ಕಷ್ಟ. ಶಾಲೆ ಬಿಡುವ ಹೊತ್ತಿಗೆ ಟ್ಯೂಷನ್ ಆರಂಭ. ಸಿಯೋಲ್ ನಗರದಲ್ಲಿ ಅದು ರಾತ್ರಿ 10 ಗಂಟೆಯವರೆಗೂ ನಡೆಯಬಹುದು. ಒಂದೇ ಸೂರಿನಡಿ ಇದ್ದೂ ಒಟ್ಟಿಗೆ ಉಣ್ಣಲಾಗದ ಸ್ಥಿತಿ. ಒಬ್ಬರಿಗಷ್ಟೇ ಕೆಲಸ ಸಿಕ್ಕಿದರೆ, ಅವಲಂಬಿತರ ವೀಸಾದಲ್ಲಿ ಬಂದ ಇನ್ನೊಬ್ಬರು ಅನುಮತಿಯಿಲ್ಲದೆ ದುಡಿಯುವಂತಿಲ್ಲ.

ಮುಂದಿನ ದಿನಗಳೂ ನಿಶ್ಚಿತವಲ್ಲ. 2023ರಲ್ಲಿ ಕೊರಿಯದ ಸಂತಾನ ಪ್ರಮಾಣ ಮಹಿಳೆಯೊಬ್ಬಳಿಗೆ 0.72ಕ್ಕೆ ಕುಸಿಯಿತು. ಗ್ರಾಮೀಣ ಶಾಲೆಗಳು ಮಕ್ಕಳಿಲ್ಲದೆ ಮುಚ್ಚುತ್ತಿವೆ. ಮಕ್ಕಳೇ ಇಲ್ಲದ ಮೇಲೆ ಶಿಕ್ಷಕರಿಗೆಲ್ಲಿಯ ಕೆಲಸ?

ನಮ್ಮ ತರುಣರು ತಿಳಿಯಬೇಕಾದ ಮಾತು ಇನ್ನೊಂದಿದೆ. ಈ ವೀಸಾ ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ ಎಂಬ 7 ದೇಶಗಳ ಪ್ರಜೆಗಳಿಗೆ ಮೀಸಲು. ಇಂಗ್ಲಿಷ್ ಮಾಧ್ಯಮದಲ್ಲೇ ಓದಿ ಬೆಳೆದ ಮಂಗಳೂರಿನ ಪದವೀಧರೆಯ ಭಾಷಾಜ್ಞಾನಕ್ಕಿಂತ ಪಾಸ್‌ಪೋರ್ಟಿನ ಬಣ್ಣಕ್ಕೆ ಅಲ್ಲಿ ಬೆಲೆ ಹೆಚ್ಚು. ಇದು ನ್ಯಾಯವೆಂದು ನಾವು ಒಪ್ಪಲಾರೆವು. 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ-ಕೊರಿಯ ಆರ್ಥಿಕ ಒಪ್ಪಂದವು ಶಿಕ್ಷಕ ಅರ್ಹತೆಯುಳ್ಳ ಭಾರತೀಯ ಪದವೀಧರರಿಗೆ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಲು ಕಿರಿದಾದ ಬಾಗಿಲೊಂದನ್ನು ತೆರೆದಿದೆ, ಅಷ್ಟೇ. ಪದವಿಯೊಂದಿದ್ದರೆ ಸಾಕು, ಗಂಡಹೆಂಡಿರಿಬ್ಬರಿಗೂ ಕೆಲಸ ಖಂಡಿತ ಎನ್ನುವ ಏಜೆಂಟರ ಮಾತನ್ನು ನಂಬಿ ಚಿನ್ನ ಅಡವಿಡುವ ಮುನ್ನ ಇದು ನೆನಪಿರಲಿ.

ಜೊತೆಯಾಗಿ ಹೋಗುವುದು ಅಗಲಿ ಬಾಳುವುದಕ್ಕಿಂತ ಮೇಲು. ಅದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಜೊತೆಗಿರಲು ಒಂದೇ ಟಿಕೆಟು ಸಾಲದು. ಕರಾರಿಗೆ ಸಹಿ ಹಾಕುವ ಮುನ್ನ ಇಬ್ಬರೂ ಕೂತು ಅದನ್ನು ಓದಲಿ. ಒಬ್ಬರ ಕೆಲಸ ಹೋದರೆ ಇನ್ನೊಬ್ಬರು ಎಲ್ಲಿರಬೇಕು, ಮಗುವಾದರೆ ಯಾರ ರಜೆ, ಯಾರ ಸಂಬಳ ಎಂದು ಕೇಳಿಕೊಳ್ಳಲಿ. ಮದುವೆಯ ಸಿದ್ಧತೆಯಲ್ಲಿ ಊಟದ ಪಟ್ಟಿಗೆ ನೀಡುವಷ್ಟು ಸಮಯವನ್ನಾದರೂ ಈ ಪ್ರಶ್ನೆಗಳಿಗೆ ನೀಡುವುದು ಲೇಸು.